ಮನೆಯ ವೈಫೈ ಪ್ರಿಂಟರ್‌ಗೆ ಹೊರಗಿನವರು ನುಗ್ಗದಂತೆ ಮಾಡುವುದು ಹೇಗೆ?

ವೈಫೈ ಪ್ರಿಂಟರ್‌ನೊಳಗೆ ಒಂದು ಪುಟ್ಟ ಕಂಪ್ಯೂಟರ್ ಇದೆ. ಅದಕ್ಕೆ ಸ್ವಂತ ವೆಬ್ ಪುಟವಿದೆ, ಸ್ವಂತ ಪಾಸ್‌ವರ್ಡ್ ಇದೆ, ಬಹಳಷ್ಟು ಮಾದರಿಗಳಲ್ಲಿ ಸ್ವಂತದ್ದೊಂದು ವೈಫೈ ಕೂಡ ಇದೆ. ಪೆಟ್ಟಿಗೆ ಬಿಚ್ಚಿದ ಹತ್ತು ನಿಮಿಷದಲ್ಲಿ ಮೊದಲ ಪ್ರಿಂಟ್ ಬರಲಿ ಎಂದು ಕಂಪನಿಗಳು ಇವನ್ನೆಲ್ಲ ತೆರೆದಿಟ್ಟೇ ಕಳುಹಿಸುತ್ತವೆ. ಪ್ರಿಂಟ್ ಬಂದ ಮೇಲೆ ಯಾರೂ ಅವನ್ನು ಮುಚ್ಚಲು ಹೋಗುವುದಿಲ್ಲ.

2018ರ ನವೆಂಬರ್‌ನಲ್ಲಿ ಜಗತ್ತಿನ ಹಲವೆಡೆ ಪ್ರಿಂಟರ್‌ಗಳು ಇದ್ದಕ್ಕಿದ್ದಂತೆ ಒಂದು ಹಾಳೆ ಉಗುಳಿದವು. ಭಾರತದ ಟಿ-ಸೀರೀಸ್ ಜೊತೆ ಪೈಪೋಟಿಯಲ್ಲಿದ್ದ ಪ್ಯೂಡಿಪೈ ಎಂಬ ಯೂಟ್ಯೂಬ್ ಚಾನೆಲ್‌ಗೆ ಚಂದಾದಾರರಾಗಿ ಎಂಬ ಕೋರಿಕೆ ಅದರಲ್ಲಿತ್ತು. ಮಾಡಿದವನೇ ಹೇಳಿಕೊಂಡ ಲೆಕ್ಕ ಸುಮಾರು 50,000 ಪ್ರಿಂಟರ್‌. ಅವನು ಯಾವ ಪಾಸ್‌ವರ್ಡನ್ನೂ ಮುರಿಯಲಿಲ್ಲ. 9100 ಎಂಬ ಪೋರ್ಟ್ (ಜಾಲದಿಂದ ಸಾಧನದೊಳಗೆ ಬರುವ, ಸಂಖ್ಯೆ ಹೊತ್ತ ಒಂದು ಬಾಗಿಲು) ಇಂಟರ್ನೆಟ್‌ಗೆ ತೆರೆದಿದ್ದ ಪ್ರಿಂಟರ್‌ಗಳನ್ನು ಹುಡುಕಿ, ಆ ಪೋರ್ಟ್‌ಗೆ ಪುಟ ಕಳುಹಿಸಿದ, ಅಷ್ಟೆ. ಅಲ್ಲಿಗೆ ಏನು ಬಂದರೂ ‘ನೀನು ಯಾರು’ ಎಂದು ಕೇಳದೆ ಪ್ರಿಂಟ್ ಮಾಡುವುದೇ ಆ ಪೋರ್ಟಿನ ಕೆಲಸ.

ಆದರೆ ಮಂಗಳೂರು, ಉಡುಪಿಯ ಮನೆಗಳಲ್ಲಿ ಇಂಟರ್ನೆಟ್ ದಾರಿಗಿಂತ ಪಕ್ಕದ ಗೋಡೆಯ ದಾರಿಯೇ ಹೆಚ್ಚು ಸಲೀಸು. ಕದ್ರಿ, ಬಿಜೈ, ಮಣಿಪಾಲದಂಥ ಕಡೆ ಒಂದು ಫ್ಲ್ಯಾಟಿನ ವೈಫೈ ಸಂಕೇತ ಮೇಲೆ, ಕೆಳಗೆ, ಎದುರಿನ ಪಿಜಿಗೂ ಸಿಗುತ್ತದೆ. ಹಾಗಾಗಿ ಕೆಲಸವನ್ನು ಪ್ರಿಂಟರ್‌ನಿಂದಲೇ ಶುರುಮಾಡೋಣ; ರೂಟರ್ ಆಮೇಲೆ.

ಪ್ರಿಂಟರ್‌ನ ವೆಬ್ ಪುಟ ತೆರೆಯುವುದು

ಮೊದಲು ಪ್ರಿಂಟರ್‌ನ ಐಪಿ ವಿಳಾಸ, ಅಂದರೆ ಮನೆಯ ಜಾಲದಲ್ಲಿ ಅದಕ್ಕೆ ಸಿಕ್ಕಿರುವ ಸಂಖ್ಯೆ ಬೇಕು. ಪರದೆ ಇರುವ ಮಾದರಿಯಾದರೆ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಸಿಗುತ್ತದೆ. ಪರದೆ ಇಲ್ಲದ ಇಂಕ್ ಟ್ಯಾಂಕ್ ಮಾದರಿಯಾದರೆ ನೆಟ್‌ವರ್ಕ್ ಸ್ಥಿತಿಯ ಹಾಳೆಯನ್ನು ಪ್ರಿಂಟ್ ಮಾಡಿಸಿ. ಯಾವ ಗುಂಡಿ ಒತ್ತಬೇಕು ಎಂಬುದು ಮಾದರಿಯಿಂದ ಮಾದರಿಗೆ ಬೇರೆ, ಕೈಪಿಡಿ ನೋಡುವುದೇ ಸರಿ. ಹಾಳೆ ಸಿಗದಿದ್ದರೆ ರೂಟರ್ ಪುಟದ ‘ಕನೆಕ್ಟೆಡ್ ಡಿವೈಸಸ್’ ಪಟ್ಟಿಯಲ್ಲಿ ಹುಡುಕಬಹುದು.

192.168.1.37 ಎಂಬಂಥ ಸಂಖ್ಯೆ ಸಿಕ್ಕಿತೆನ್ನಿ. ಅದನ್ನು ಅದೇ ವೈಫೈಯಲ್ಲಿರುವ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಟೈಪಿಸಿ. ‘ಈ ತಾಣ ಸುರಕ್ಷಿತವಲ್ಲ’ ಎಂದು ಬ್ರೌಸರ್ ಹೆದರಿಸಬಹುದು. ಪ್ರಿಂಟರ್ ತನ್ನ ಗುರುತಿನ ಪ್ರಮಾಣಪತ್ರವನ್ನು ತಾನೇ ಬರೆದುಕೊಂಡಿರುವುದರಿಂದ ಹಾಗೆ ಬರುತ್ತದೆ. ವಿಳಾಸ ಸರಿಯಿದೆ ಎಂದು ಖಚಿತವಿದ್ದರೆ ಮುಂದುವರಿಯಿರಿ. ಈ ಪುಟವನ್ನು ಎಚ್‌ಪಿ ‘ಎಂಬೆಡೆಡ್ ವೆಬ್ ಸರ್ವರ್’ ಎನ್ನುತ್ತದೆ, ಎಪ್ಸನ್ ‘ವೆಬ್ ಕಾನ್ಫಿಗ್’, ಕ್ಯಾನನ್ ‘ರಿಮೋಟ್ ಯುಐ’. ಹೆಸರು ಏನೇ ಇರಲಿ, ಪ್ರಿಂಟರ್‌ನ ಕೀಲಿಕೈ ಇರುವುದು ಇಲ್ಲಿ.

ವೈಫೈ ಡೈರೆಕ್ಟ್: ಮೊದಲು ಮುಚ್ಚಬೇಕಾದ್ದು ಇದು

ಫೋನಿನ ವೈಫೈ ಪಟ್ಟಿಯಲ್ಲಿ ‘ಡೈರೆಕ್ಟ್’ ಎಂದು ಶುರುವಾಗಿ, ಕಂಪನಿಯ ಹೆಸರು ಅಥವಾ ಮಾದರಿ ಸಂಖ್ಯೆಯಲ್ಲಿ ಮುಗಿಯುವ ಹೆಸರುಗಳನ್ನು ನೀವು ನೋಡಿರುತ್ತೀರಿ. ಅವು ಪ್ರಿಂಟರ್‌ಗಳೇ ಹೊರಡಿಸುವ ವೈಫೈ. ರೂಟರ್ ಇಲ್ಲದೆ ಫೋನಿನಿಂದ ನೇರ ಪ್ರಿಂಟ್ ಕೊಡಲು ಇದನ್ನು ಇಟ್ಟಿದ್ದಾರೆ. ತೊಂದರೆ ಏನೆಂದರೆ, ನಿಮ್ಮ ಮನೆಯ ವೈಫೈಗೆ ಎಷ್ಟೇ ಗಟ್ಟಿ ಪಾಸ್‌ವರ್ಡ್ ಇದ್ದರೂ ಈ ದಾರಿಗೆ ಅದು ಅನ್ವಯಿಸುವುದಿಲ್ಲ. ಎಚ್‌ಪಿಯ ಅನೇಕ ಮಾದರಿಗಳಲ್ಲಿ ಇದರ ಮೂಲ ಪಾಸ್‌ವರ್ಡ್ 12345678. ಒಳಗೆ ಬಂದವರು 192.168.223.1 ಎಂದು ಟೈಪಿಸಿದರೆ ಪ್ರಿಂಟರ್‌ನ ವೆಬ್ ಪುಟವೇ ತೆರೆದುಕೊಳ್ಳುತ್ತದೆ.

ಬರೀ ಪ್ರಿಂಟ್ ಕೊಟ್ಟು ಕಾಗದ ಹಾಳು ಮಾಡಿದರೆ ಅಷ್ಟು ದೊಡ್ಡ ವಿಷಯವಲ್ಲ. ಎಚ್‌ಪಿಯ ಬಹಳ ಮಾದರಿಗಳಲ್ಲಿ ‘ವೆಬ್‌ಸ್ಕ್ಯಾನ್’ ಎಂಬ ಸೌಲಭ್ಯವಿದೆ: ಬ್ರೌಸರ್‌ನಿಂದಲೇ ಸ್ಕ್ಯಾನ್ ಗುಂಡಿ ಒತ್ತಿದರೆ ಗಾಜಿನ ಮೇಲಿರುವುದು ಒತ್ತಿದವರ ಪರದೆಗೆ ಬರುತ್ತದೆ. ಆಧಾರ್ ಕಾರ್ಡನ್ನೋ ಪಹಣಿಯನ್ನೋ ಬ್ಯಾಂಕ್ ಪಾಸ್‌ಬುಕ್ಕನ್ನೋ ಗಾಜಿನ ಮೇಲೆಯೇ ಮರೆತು ಮುಚ್ಚಳ ಹಾಕುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಮಾಡಬೇಕಾದ್ದು ಇಷ್ಟು. ವೆಬ್ ಪುಟದ ನೆಟ್‌ವರ್ಕ್ ವಿಭಾಗದಲ್ಲಿ ‘ವೈಫೈ ಡೈರೆಕ್ಟ್’ (ಕ್ಯಾನನ್‌ನಲ್ಲಿ ‘ವೈರ್‌ಲೆಸ್ ಡೈರೆಕ್ಟ್’) ತೆರೆದು ‘ಆಫ್’ ಮಾಡಿ, ‘ಅಪ್ಲೈ’ ಒತ್ತಿ. ಬೇಕೇ ಬೇಕು ಎನ್ನುವವರು ಪಾಸ್‌ವರ್ಡ್ ಬದಲಿಸಿ, ಸಂಪರ್ಕ ವಿಧಾನವನ್ನು ‘ಆಟೋಮ್ಯಾಟಿಕ್‌’ನಿಂದ ‘ಮ್ಯಾನುಯಲ್‌’ಗೆ ತನ್ನಿ. ಆಗ ಹೊಸಬರು ಸೇರುವಾಗ ಪ್ರಿಂಟರ್ ಮೇಲೆಯೇ ಒಪ್ಪಿಗೆ ಕೊಡಬೇಕಾಗುತ್ತದೆ. ಮುಗಿದ ಮೇಲೆ ಫೋನಿನ ವೈಫೈ ಪಟ್ಟಿ ಮತ್ತೆ ನೋಡಿ. ಆ ಹೆಸರು ಮಾಯವಾಗಿರಬೇಕು. ಹೋಗದಿದ್ದರೆ ಪ್ರಿಂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಆಮೇಲೂ ಇದ್ದರೆ ಅದು ಪಕ್ಕದ ಮನೆಯದ್ದಿರಬಹುದು, ಮಾದರಿ ಸಂಖ್ಯೆ ಹೋಲಿಸಿ.

ವೆಬ್‌ಸ್ಕ್ಯಾನ್ ಬಳಸುವುದಿಲ್ಲವಾದರೆ ಅದನ್ನೂ ಆಫ್ ಮಾಡಿ. ಲ್ಯಾಪ್‌ಟಾಪ್‌ನ ಸ್ಕ್ಯಾನ್ ತಂತ್ರಾಂಶಕ್ಕೆ ಇದರಿಂದ ಏನೂ ಆಗದು.

ಅಡ್ಮಿನ್ ಪಾಸ್‌ವರ್ಡ್

ಹಳೆಯ ಪ್ರಿಂಟರ್‌ಗಳಲ್ಲಿ ಈ ಜಾಗ (ವೆಬ್ ಪುಟದ ಸೆಟ್ಟಿಂಗ್ ಬದಲಿಸಲು ಕೇಳುವ ಪಾಸ್‌ವರ್ಡ್) ಖಾಲಿಯೇ ಇರುತ್ತಿತ್ತು. ಹೊಸವುಗಳಲ್ಲಿ ಹಿಂಭಾಗದ ಲೇಬಲ್ ಮೇಲೋ ಕಾರ್ಟ್ರಿಡ್ಜ್ ಮುಚ್ಚಳದ ಒಳಗೋ ಒಂದು ಪಿನ್ ಅಂಟಿಸಿರುತ್ತಾರೆ. ಎಪ್ಸನ್‌ನ ಅನೇಕ ಮಾದರಿಗಳಲ್ಲಿ ಪ್ರಿಂಟರ್‌ನ ಸೀರಿಯಲ್ ಸಂಖ್ಯೆಯೇ ಪಾಸ್‌ವರ್ಡ್. ಪ್ರತಿ ಪ್ರಿಂಟರ್‌ಗೂ ಬೇರೆ ಬೇರೆ ಇದೆಯಲ್ಲ, ಸಾಕು ಎಂದುಕೊಳ್ಳಬೇಡಿ. 2025ರ ಜೂನ್‌ನಲ್ಲಿ ರ‍್ಯಾಪಿಡ್7 ಎಂಬ ಸೈಬರ್ ಭದ್ರತಾ ಸಂಸ್ಥೆ ಬಯಲು ಮಾಡಿದ ದೋಷ ಇಂಥದ್ದೇ: ಬ್ರದರ್ ಕಂಪನಿಯ ನೂರಾರು ಮಾದರಿಗಳಲ್ಲಿ, ಬೇರೆ ಕೆಲವು ಕಂಪನಿಗಳ ಕೆಲವು ಮಾದರಿಗಳಲ್ಲಿ ಮೂಲ ಪಾಸ್‌ವರ್ಡನ್ನು ಸೀರಿಯಲ್ ಸಂಖ್ಯೆಯಿಂದ ಲೆಕ್ಕ ಹಾಕಿ ತೆಗೆಯಬಹುದು. ಆ ಸೀರಿಯಲ್ ಸಂಖ್ಯೆಯನ್ನು ಪ್ರಿಂಟರ್ ಕೇಳಿದವರಿಗೆಲ್ಲ ಹೇಳಿಬಿಡುತ್ತದೆ. ಪಾಸ್‌ವರ್ಡನ್ನು ಕಾರ್ಖಾನೆಯಲ್ಲೇ ಹಾಕಿರುವುದರಿಂದ ಈಗಾಗಲೇ ಮಾರಾಟವಾದ ಪ್ರಿಂಟರ್‌ಗಳಿಗೆ ಅಪ್‌ಡೇಟ್‌ನಿಂದ ಪೂರ್ಣ ಪರಿಹಾರವಿಲ್ಲ. ಬಳಸುವವರೇ ಪಾಸ್‌ವರ್ಡ್ ಬದಲಿಸಬೇಕು.

12 ಅಕ್ಷರಕ್ಕಿಂತ ಉದ್ದದ್ದನ್ನು ಹಾಕಿ, ವೈಫೈ ಪಾಸ್‌ವರ್ಡನ್ನೇ ಇಲ್ಲಿಗೂ ಬಳಸಬೇಡಿ. ಒಂದು ಕಿರಿಕಿರಿ ಇದೆ: ಕೆಲವು ಹಳೆಯ ಮಾದರಿಗಳು ಉದ್ದ ಪಾಸ್‌ವರ್ಡನ್ನು ಸದ್ದಿಲ್ಲದೆ ಕತ್ತರಿಸಿ ಉಳಿಸಿಕೊಳ್ಳುತ್ತವೆ, ಮತ್ತೆ ಪೂರ್ತಿ ಟೈಪಿಸಿದರೆ ‘ತಪ್ಪು’ ಎನ್ನುತ್ತವೆ. ಆದ್ದರಿಂದ ಬದಲಿಸಿದ ಕೂಡಲೇ ಲಾಗ್ ಔಟ್ ಆಗಿ ಒಮ್ಮೆ ಒಳಗೆ ಹೋಗಿ ನೋಡಿ. ಪಾಸ್‌ವರ್ಡ್ ಬರೆದಿಡಬೇಕೆಂದರೆ ಮನೆಯ ಡೈರಿಯಲ್ಲಿ ಬರೆಯಿರಿ. ಪ್ರಿಂಟರ್ ಮುಚ್ಚಳಕ್ಕೆ ಚೀಟಿ ಅಂಟಿಸಬೇಡಿ.

ರೂಟರ್ ಕಡೆಯ ಕೆಲಸ

ಇಲ್ಲಿನ ಹೆಚ್ಚಿನ ಮನೆಗಳಲ್ಲಿ ಫೈಬರ್ ಕೇಬಲ್‌ನವರು ಕೊಟ್ಟ ಮೋಡೆಮ್‌ನಲ್ಲೇ ರೂಟರ್ ಕೂಡ ಇರುತ್ತದೆ. ವಿಳಾಸ ಸಾಮಾನ್ಯವಾಗಿ 192.168.1.1, ಜಿಯೋದಲ್ಲಿ 192.168.29.1. ಅಡ್ಮಿನ್ ಪಾಸ್‌ವರ್ಡ್ ಕೇಬಲ್‌ನವರ ಬಳಿ ಇರುತ್ತದೆ, ಕೇಳಿ ಪಡೆಯಿರಿ. ಕೊಡುವುದಿಲ್ಲ ಎಂದರೆ ಜಗಳ ಬೇಡ: ಸ್ವಂತದ್ದೊಂದು ಸಾಧಾರಣ ವೈಫೈ ರೂಟರ್ ತಂದು, ಅದರ ‘ವ್ಯಾನ್’ (ಇಂಟರ್ನೆಟ್ ಬರುವ) ಕಿಂಡಿಯಿಂದ ಮೋಡೆಮ್‌ನ ಲ್ಯಾನ್ (ಮನೆಯ ಸಾಧನ ಜೋಡಿಸುವ) ಕಿಂಡಿಗೆ ಕೇಬಲ್ ಹಾಕಿ, ಪ್ರಿಂಟರನ್ನೂ ಮನೆಯ ಎಲ್ಲ ಸಾಧನಗಳನ್ನೂ ಅದಕ್ಕೆ ಸೇರಿಸಿ. ಮೋಡೆಮ್‌ನ ವೈಫೈಯನ್ನು ಕೇಬಲ್‌ನವರಿಂದಲೇ ಆಫ್ ಮಾಡಿಸಿ. ಸ್ವಂತ ರೂಟರ್‌ನಿಂದ ಇನ್ನೊಂದು ಲಾಭವೂ ಇದೆ, ಅದು ಮಳೆಗಾಲದ ಮಾತಿಗೆ ಬಂದಾಗ.

ಒಳಗೆ ಹೋದ ಮೇಲೆ ನೋಡಬೇಕಾದವು:

1. ಪೋರ್ಟ್ ಫಾರ್ವರ್ಡಿಂಗ್ ಮತ್ತು ಡಿಎಂಜೆಡ್. ಹೊರಗಿನಿಂದ ಬಂದದ್ದನ್ನು ಮನೆಯ ಒಂದು ಸಾಧನಕ್ಕೆ ದಾಟಿಸುವ ವ್ಯವಸ್ಥೆಗಳು ಇವು. ಎರಡೂ ಪಟ್ಟಿ ಖಾಲಿ ಇರಬೇಕು. ಸಿಸಿಟಿವಿಗೆಂದು ಹಾಕಿದ್ದು ಕಂಡರೆ ಅದು ಯಾವ ಐಪಿಗೆ ಹೋಗುತ್ತಿದೆ ಎಂದು ನೋಡಿ. ಕ್ಯಾಮೆರಾಕ್ಕೆಂದು ಕೊಟ್ಟ ವಿಳಾಸ, ಕರೆಂಟ್ ಹೋಗಿ ಬಂದ ಮೇಲೆ ಪ್ರಿಂಟರ್‌ಗೆ ಸಿಕ್ಕಿರುವ ಸಾಧ್ಯತೆ ಇದೆ. ಹಾಗಾದರೆ ಹೊರಗಿನಿಂದ ಕ್ಯಾಮೆರಾ ಹುಡುಕಿ ಬಂದವರು ಪ್ರಿಂಟರ್‌ ಮುಂದೆ ನಿಲ್ಲುತ್ತಾರೆ.

2. ಯುಪಿಎನ್‌ಪಿ ಆಫ್. ಒಳಗಿನ ಸಾಧನ ಕೇಳಿದರೆ ಸಾಕು, ನಿಮ್ಮನ್ನು ಕೇಳದೆ ಪೋರ್ಟ್ ತೆರೆದುಕೊಡುವ ವ್ಯವಸ್ಥೆ ಇದು. ಮಕ್ಕಳ ಕೆಲವು ಆನ್‌ಲೈನ್ ಆಟಗಳಿಗೆ ಇದು ಬೇಕಾಗುತ್ತದೆ. ದೂರು ಬಂದರೆ ಆ ಆಟಕ್ಕೆ ಮಾತ್ರ ಪೋರ್ಟ್ ಕೊಡಿ.

3. ಡಬ್ಲ್ಯುಪಿಎಸ್ ಪಿನ್ ಆಫ್. ವೈಫೈ ಪಾಸ್‌ವರ್ಡ್ ಇಲ್ಲದೆಯೇ ಒಂದು ಪಿನ್ ಅಥವಾ ಗುಂಡಿಯಿಂದ ಸಾಧನ ಜೋಡಿಸುವ ವ್ಯವಸ್ಥೆ ಇದು. ಪಿನ್‌ನಲ್ಲಿ 8 ಅಂಕಿ ಇದ್ದರೂ ರೂಟರ್ ಅದನ್ನು ಎರಡು ತುಂಡಾಗಿ ಪರೀಕ್ಷಿಸುತ್ತದೆ, ಕೊನೆಯ ಅಂಕಿ ಬರೀ ತಾಳೆ ನೋಡಲು ಇರುವುದು. ಹಾಗಾಗಿ 10,000 ಮತ್ತು 1,000 ಸೇರಿ ಹೆಚ್ಚೆಂದರೆ 11,000 ಪ್ರಯತ್ನದಲ್ಲಿ ಸಿಕ್ಕಿಬಿಡುತ್ತದೆ. ಈ ದೋಷ ಬಯಲಾಗಿದ್ದು 2011ರಲ್ಲಿ. ಪ್ರಿಂಟರ್ ಜೋಡಿಸಲು ಡಬ್ಲ್ಯುಪಿಎಸ್ ಗುಂಡಿ ಬೇಕಾದರೆ ಜೋಡಿಸುವ ಹೊತ್ತಿಗೆ ಮಾತ್ರ ಆನ್ ಮಾಡಿ.

4. ರಿಮೋಟ್ ಮ್ಯಾನೇಜ್‌ಮೆಂಟ್, ಅಂದರೆ ವ್ಯಾನ್ ಕಡೆಯಿಂದ ರೂಟರ್ ಪುಟ ತೆರೆಯುವ ಅವಕಾಶ, ಆಫ್.

5. ವೈಫೈ ಭದ್ರತೆ ಡಬ್ಲ್ಯುಪಿಎ2-ಎಇಎಸ್ ಅಥವಾ ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಮಿಶ್ರ. ಉತ್ಸಾಹದಲ್ಲಿ ಬರೀ ಡಬ್ಲ್ಯುಪಿಎ3 ಇಟ್ಟರೆ ಬಹಳಷ್ಟು ಪ್ರಿಂಟರ್‌ಗಳು ಸಂಪರ್ಕ ಕಳೆದುಕೊಳ್ಳುತ್ತವೆ. 2.4 ಗಿಗಾಹರ್ಟ್ಸ್ ವೈಫೈ ಆಫ್ ಮಾಡಬೇಡಿ, ಅನೇಕ ಮನೆ ಪ್ರಿಂಟರ್‌ಗಳಿಗೆ ಅದೊಂದೇ ಗೊತ್ತು.

ಇನ್ನು ಐಪಿವಿ6, ಅಂದರೆ ಐಪಿ ವಿಳಾಸದ ಹೊಸ ಮಾದರಿ; ಹಳೆಯದು ಐಪಿವಿ4. ಐಪಿವಿ4ನಲ್ಲಿ ಮನೆಯ ಸಾಧನಗಳೆಲ್ಲ ರೂಟರ್‌ನ ಒಂದೇ ವಿಳಾಸದ ಹಿಂದೆ ಅಡಗಿರುತ್ತವೆ. ಐಪಿವಿ6ನಲ್ಲಿ ಪ್ರಿಂಟರ್‌ಗೂ ಇಂಟರ್ನೆಟ್‌ನಲ್ಲಿ ನೇರ ಗುರುತಿಸಬಲ್ಲ ವಿಳಾಸ ಸಿಗಬಹುದು; ಆಗ ಕಾಯುವುದು ರೂಟರ್‌ನ ಫೈರ್‌ವಾಲ್ ಒಂದೇ. ರೂಟರ್‌ನಲ್ಲಿ ಐಪಿವಿ6 ಫೈರ್‌ವಾಲ್ ಆನ್ ಇದೆಯೇ ನೋಡಿ. ಪ್ರಿಂಟರ್‌ನ ನೆಟ್‌ವರ್ಕ್ ಪುಟದಲ್ಲಿ ‘ಐಪಿವಿ4 ಮಾತ್ರ’ ಎಂದು ಆಯ್ದುಕೊಂಡರೆ ತಲೆಬಿಸಿಯೇ ಇಲ್ಲ. ಮನೆಯೊಳಗಿನ ಪ್ರಿಂಟಿಗೆ ಐಪಿವಿ6 ಬೇಕಾಗುವುದಿಲ್ಲ.

ಹೊರಗಿನಿಂದ ಕಾಣುತ್ತಿದೆಯೇ?

ರೂಟರ್ ಪುಟದಲ್ಲಿ ವ್ಯಾನ್ ಐಪಿ ನೋಡಿ ಬರೆದುಕೊಳ್ಳಿ. ‘ನನ್ನ ಐಪಿ ಏನು’ ಎಂದು ತೋರಿಸುವ ಯಾವುದಾದರೂ ತಾಣದಲ್ಲಿ ಬರುವ ಸಂಖ್ಯೆಗೆ ಹೋಲಿಸಿ. ವ್ಯಾನ್ ಐಪಿ 100.64ರಿಂದ 100.127ರೊಳಗೆ ಶುರುವಾಗಿದ್ದರೆ, ಅಥವಾ 10ರಿಂದ ಶುರುವಾಗಿದ್ದು ಎರಡೂ ಬೇರೆ ಬೇರೆಯಾಗಿದ್ದರೆ ಕಂಪನಿ ಹಲವು ಮನೆಗಳಿಗೆ ಒಂದೇ ಹೊರ ವಿಳಾಸ ಹಂಚಿದೆ ಎಂದರ್ಥ. ಐಪಿವಿ4 ಮಟ್ಟಿಗೆ ಹೊರಗಿನವರು ನೇರ ಬರಲಾರರು. ಎರಡೂ ಒಂದೇ ಆಗಿದ್ದರೆ ಪರೀಕ್ಷೆ ಮಾಡಲೇಬೇಕು: ಫೋನಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ, ಪೋರ್ಟ್ ಪರೀಕ್ಷಿಸುವ ಆ್ಯಪ್‌ಗೆ ನಿಮ್ಮ ವ್ಯಾನ್ ಐಪಿ ಕೊಟ್ಟು 9100, 631, 515, 80, 443 ಐದನ್ನೂ ನೋಡಿ. ಐದೂ ಮುಚ್ಚಿರಬೇಕು. ಮನೆಯ ವೈಫೈಯಲ್ಲಿದ್ದುಕೊಂಡೇ ಈ ಪರೀಕ್ಷೆ ಮಾಡಿದರೆ ಉತ್ತರ ತಪ್ಪು ಬರಬಹುದು, ರೂಟರ್ ಒಳಗಿನವರಿಗೆ ಬೇರೆಯೇ ಬಾಗಿಲು ತೋರಿಸುತ್ತದೆ.

ಬೇಡದ ಸೇವೆಗಳು, ಮತ್ತು ‘ಆಫ್‌ಲೈನ್’ ಎಂಬ ತಲೆನೋವು

ಪ್ರಿಂಟರ್‌ನ ವೆಬ್ ಪುಟದಲ್ಲಿ ‘ಅಡ್ವಾನ್ಸ್ಡ್’ ಅಥವಾ ‘ಪ್ರೊಟೊಕಾಲ್’ ಎಂಬ ಕಡೆ ಉದ್ದದ ಪಟ್ಟಿ ಸಿಗುತ್ತದೆ. ಟೆಲ್ನೆಟ್, ಎಫ್‌ಟಿಪಿ, ಎಲ್‌ಪಿಡಿ (ಪೋರ್ಟ್ 515) ಮೂರನ್ನೂ ಯೋಚಿಸದೆ ತೆಗೆಯಿರಿ. ಐಪಿಪಿ (631) ಇರಲಿ. ಐಫೋನ್, ಆಂಡ್ರಾಯ್ಡ್‌ನಿಂದ ಪ್ರಿಂಟ್ ಆಗುವುದು ಅದರಿಂದ. 9100 ವಿಚಾರದಲ್ಲಿ ಜೋಪಾನ: ವಿಂಡೋಸ್‌ನಲ್ಲಿ ಟಿಸಿಪಿ/ಐಪಿ ಪೋರ್ಟ್ ಹಾಕಿ ಜೋಡಿಸಿದ ಪ್ರಿಂಟರ್ ಸಾಮಾನ್ಯವಾಗಿ ಅದನ್ನೇ ಬಳಸುತ್ತದೆ. ತೆಗೆದ ಮೇಲೆ ಪ್ರಿಂಟ್ ನಿಂತರೆ ಮತ್ತೆ ಹಾಕಿ. ರೂಟರ್ ಬಾಗಿಲು ಮುಚ್ಚಿದ್ದರೆ ಮನೆಯೊಳಗೆ ಅದು ತೆರೆದಿರುವುದು ಸಹಿಸಬಹುದಾದದ್ದೇ.

ಎಸ್‌ಎನ್‌ಎಂಪಿ ಎಂಬುದು ಶಾಯಿ ಎಷ್ಟಿದೆ, ಕಾಗದ ಸಿಕ್ಕಿದೆಯೇ ಎಂದು ಕಂಪ್ಯೂಟರ್‌ಗೆ ತಿಳಿಸುವ ಸೇವೆ. ಅದರ ಮೂಲ ಗುಪ್ತಪದ ‘ಪಬ್ಲಿಕ್’, ಎಲ್ಲರಿಗೂ ಗೊತ್ತಿರುವ ಗುಟ್ಟು. ಆಫ್ ಮಾಡುವುದು ಒಳ್ಳೆಯದು. ಆದರೆ ಮಾಡಿದ ಕೂಡಲೇ ವಿಂಡೋಸ್ ‘ಪ್ರಿಂಟರ್ ಆಫ್‌ಲೈನ್’ ಎನ್ನಬಹುದು. ಪ್ರಿಂಟರ್ ಕೆಟ್ಟಿರುವುದಿಲ್ಲ, ವಿಂಡೋಸ್ ಸ್ಥಿತಿ ಕೇಳುವುದು ಎಸ್‌ಎನ್‌ಎಂಪಿಯಲ್ಲಿ, ಉತ್ತರ ಬರದಿದ್ದರೆ ಸತ್ತಿದೆ ಎಂದು ತೀರ್ಮಾನಿಸುತ್ತದೆ. ಪರಿಹಾರ: ‘ಪ್ರಿಂಟರ್ಸ್ ಆಂಡ್ ಸ್ಕ್ಯಾನರ್ಸ್’ನಲ್ಲಿ ಆ ಪ್ರಿಂಟರ್, ‘ಪ್ರಿಂಟರ್ ಪ್ರಾಪರ್ಟೀಸ್’, ‘ಪೋರ್ಟ್ಸ್’, ‘ಕಾನ್ಫಿಗರ್ ಪೋರ್ಟ್’. ಅಲ್ಲಿ ‘ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್’ ಎಂಬ ಚೌಕದ ಗುರುತು ತೆಗೆಯಿರಿ. ಇದು ಗೊತ್ತಿಲ್ಲದೆ ಡ್ರೈವರ್ ಅಳಿಸಿ, ಪ್ರಿಂಟರ್ ರಿಸೆಟ್ ಮಾಡಿ, ಕೊನೆಗೆ ಮೆಕ್ಯಾನಿಕ್‌ನನ್ನು ಕರೆಸಿ ದುಡ್ಡು ಕೊಡುವವರಿದ್ದಾರೆ. ರಿಸೆಟ್ ಮಾಡಿದರೆ ಇಷ್ಟರವರೆಗೆ ಮಾಡಿದ ಭದ್ರತೆಯೆಲ್ಲ ಹೋಯಿತು.

‘ಆಫ್‌ಲೈನ್’ಗೆ ಇನ್ನೊಂದು ಕಾರಣ ಐಪಿ ಬದಲಾಗುವುದು. ರೂಟರ್‌ನ ಡಿಎಚ್‌ಸಿಪಿ (ಸಾಧನಗಳಿಗೆ ಐಪಿ ಹಂಚುವ) ಪುಟದಲ್ಲಿ ಪ್ರಿಂಟರ್‌ನ ಮ್ಯಾಕ್ ವಿಳಾಸಕ್ಕೆ (ಸಾಧನದ ಸ್ವಂತ ಗುರುತಿನ ಸಂಖ್ಯೆಗೆ) ಒಂದೇ ಐಪಿ ಕಾಯ್ದಿರಿಸಿದರೆ ಇದು ತಪ್ಪುತ್ತದೆ, ಮೊದಲು ಹೇಳಿದ ಕ್ಯಾಮೆರಾ ಗೊಂದಲವೂ ತಪ್ಪುತ್ತದೆ.

ನೆಂಟರು, ಬಾಡಿಗೆದಾರರು

ಮನೆಯಲ್ಲಿ ಪೂಜೆ, ಮದುವೆ, ಕುಟುಂಬದ ನೇಮ ಎಂದರೆ ಬಂದವರಿಗೆಲ್ಲ ವೈಫೈ ಪಾಸ್‌ವರ್ಡ್ ಕೊಡುವುದು ಮರ್ಯಾದೆಯ ಭಾಗ. ಕೊಡಿ, ಆದರೆ ಗೆಸ್ಟ್ ವೈಫೈಯದ್ದು. ಗೆಸ್ಟ್ ಜಾಲದಲ್ಲಿರುವವರಿಗೆ ಇಂಟರ್ನೆಟ್ ಸಿಗುತ್ತದೆ, ಮುಖ್ಯ ಜಾಲದ ಪ್ರಿಂಟರ್ ಕಾಣುವುದಿಲ್ಲ. ಪ್ರಿಂಟರನ್ನೇ ಗೆಸ್ಟ್ ಜಾಲಕ್ಕೆ ಹಾಕುವ ಸಲಹೆಯೂ ಕೇಳಿಬರುತ್ತದೆ. ಮನೆಯಲ್ಲಿ ಅದು ನಡೆಯದು, ಗೆಸ್ಟ್ ಜಾಲದಲ್ಲಿ ಒಂದು ಸಾಧನ ಇನ್ನೊಂದರ ಜೊತೆ ಮಾತಾಡದಂತೆ ತಡೆ ಇರುವುದರಿಂದ ನಿಮಗೇ ಪ್ರಿಂಟ್ ಬರುವುದಿಲ್ಲ. ಮೇಲಿನ ಮಹಡಿಯ ಬಾಡಿಗೆದಾರರ ಜೊತೆ ಒಂದೇ ವೈಫೈ ಹಂಚಿಕೊಂಡವರೂ ಅವರಿಗೆ ಗೆಸ್ಟ್ ವೈಫೈಯನ್ನೇ ಕೊಡಲಿ.

ಪ್ರಿಂಟರ್ ಕಂಪ್ಯೂಟರ್ ಮೇಜಿನ ಮೇಲೆಯೇ ಇದ್ದು, ಒಬ್ಬರೇ ಬಳಸುವುದಾದರೆ ಇಷ್ಟೆಲ್ಲ ಸರ್ಕಸ್ ಯಾಕೆ? ಯುಎಸ್‌ಬಿ ಕೇಬಲ್ ಹಾಕಿ, ಪ್ರಿಂಟರ್‌ನ ವೈಫೈಯನ್ನೂ ವೈಫೈ ಡೈರೆಕ್ಟನ್ನೂ ಆಫ್ ಮಾಡಿ. ಇದಕ್ಕಿಂತ ಗಟ್ಟಿ ಉಪಾಯ ಇಲ್ಲ.

ಇಮೇಲ್ ಪ್ರಿಂಟ್, ಕಂಪನಿಯ ಕ್ಲೌಡ್

ಪ್ರಿಂಟರ್‌ಗೆ ಒಂದು ಇಮೇಲ್ ವಿಳಾಸ ಕೊಟ್ಟು, ಅಲ್ಲಿಗೆ ಬಂದದ್ದನ್ನು ಪ್ರಿಂಟ್ ಮಾಡುವ ಸೇವೆಯಲ್ಲಿ ರೂಟರ್‌ನ ಬಾಗಿಲಿಗೆ ಕೆಲಸವೇ ಇಲ್ಲ, ಯಾಕೆಂದರೆ ಪ್ರಿಂಟರ್ ತಾನೇ ಹೊರಗೆ ಹೋಗಿ ಕೆಲಸ ತರುತ್ತದೆ. ಬಳಸುವುದಿಲ್ಲವೆಂದರೆ ನೋಂದಣಿ ತೆಗೆಯಿರಿ. ಬಳಸುವುದಾದರೆ ಯಾರ ಇಮೇಲ್ ಒಪ್ಪಬೇಕು ಎಂಬ ಪಟ್ಟಿ ಹಾಕಿ; ಎಪ್ಸನ್ ಕನೆಕ್ಟ್‌ನಲ್ಲಿ ಅದಕ್ಕೆ ‘ಅಪ್ರೂವ್ಡ್ ಸೆಂಡರ್ಸ್’ ಪಟ್ಟಿ ಇದೆ.

ಪ್ರಿಂಟರ್‌ಗೆ ಇಂಟರ್ನೆಟ್ಟೇ ಬೇಡ ಎನ್ನುವವರಿಗೆ ಒಂದು ಸುಲಭ ದಾರಿ: ಪ್ರಿಂಟರ್‌ನಲ್ಲಿ ಐಪಿಯನ್ನು ಕೈಯಾರೆ ಹಾಕಿ (ಕಾಯ್ದಿರಿಸಿದ್ದೇ ಇರಲಿ), ಸಬ್‌ನೆಟ್ 255.255.255.0 ಇಡಿ, ‘ಗೇಟ್‌ವೇ’ ಜಾಗದಲ್ಲಿ ಮನೆಯಲ್ಲಿ ಯಾರೂ ಬಳಸದ ವಿಳಾಸ ಕೊಡಿ. ಐಪಿವಿ6 ಆಗಲೇ ಆಫ್ ಆಗಿರಬೇಕು. ಮನೆಯೊಳಗೆ ಪ್ರಿಂಟ್, ಸ್ಕ್ಯಾನ್ ಎಂದಿನಂತೆ ನಡೆಯುತ್ತದೆ, ಹೊರಗೆ ಹೋಗುವ ದಾರಿ ಮಾತ್ರ ಪ್ರಿಂಟರ್‌ಗೆ ಸಿಗುವುದಿಲ್ಲ. ಸ್ಕ್ಯಾನ್ ಮಾಡಿ ನೇರ ಇಮೇಲ್ ಕಳುಹಿಸುವುದು ನಿಲ್ಲುತ್ತದೆ, ಅಪ್‌ಡೇಟ್ ಸಹ ಬರುವುದಿಲ್ಲ. ಎಚ್‌ಪಿ ಪ್ಲಸ್ ಯೋಜನೆಗೆ ಸೇರಿಸಿದ ಪ್ರಿಂಟರ್‌ಗೆ ಇಂಟರ್ನೆಟ್ ಸದಾ ಬೇಕು, ಅದರಲ್ಲಿ ಈ ಪ್ರಯೋಗ ಮಾಡಬೇಡಿ.

ಫರ್ಮ್‌ವೇರ್ (ಪ್ರಿಂಟರ್‌ನೊಳಗಿನ ತಂತ್ರಾಂಶ) ಅಪ್‌ಡೇಟ್ ವರ್ಷಕ್ಕೆ ಒಂದೆರಡು ಸಲ ನೋಡಿದರೆ ಸಾಕು. ಬೇರೆ ಕಂಪನಿಯ ಕಾರ್ಟ್ರಿಡ್ಜ್ ಹಾಕುವವರು ಅಪ್‌ಡೇಟ್‌ಗೆ ಮುನ್ನ ಯೋಚಿಸಿ, ಅಪ್‌ಡೇಟ್ ಆದ ಮೇಲೆ ಕೆಲವು ಪ್ರಿಂಟರ್‌ಗಳು ಅವನ್ನು ಒಪ್ಪುವುದಿಲ್ಲ. ಗುಡುಗು ಕೇಳುತ್ತಿರುವಾಗಲಂತೂ ಬೇಡ: ಅರ್ಧದಲ್ಲಿ ಕರೆಂಟ್ ಹೋದರೆ ಪ್ರಿಂಟರ್ ಏಳದೇ ಇರಬಹುದು.

ಸಿಡಿಲಿನ ಮರುದಿನ

ಕರಾವಳಿಯಲ್ಲಿ ಮಳೆಗಾಲಕ್ಕೆ ಮುಂಚೆ ಏಪ್ರಿಲ್, ಮೇಯಲ್ಲಿ, ಮುಗಿಯುವಾಗ ಅಕ್ಟೋಬರ್‌ನಲ್ಲಿ ಸಿಡಿಲಿನ ಕಾಟ. ಫೈಬರ್ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದಿದ್ದರೂ ಅಡಾಪ್ಟರ್ ಮೂಲಕ ಬಂದ ಹೊಡೆತಕ್ಕೆ ಮೋಡೆಮ್ ಸುಡುತ್ತದೆ. ಕೇಬಲ್‌ನವರು ಬೇರೊಂದು ಮೋಡೆಮ್ ತಂದು, ಹಳೆಯ ವೈಫೈ ಹೆಸರು, ಪಾಸ್‌ವರ್ಡ್ ಹಾಕಿ ಹೋಗುತ್ತಾರೆ. ಎಲ್ಲ ಮೊದಲಿನಂತೆಯೇ ಕಾಣುತ್ತದೆ. ಆದರೆ ಯುಪಿಎನ್‌ಪಿ, ಡಬ್ಲ್ಯುಪಿಎಸ್, ಐಪಿ ಕಾಯ್ದಿರಿಸಿದ್ದು, ಅಡ್ಮಿನ್ ಪಾಸ್‌ವರ್ಡ್ ಎಲ್ಲವೂ ಕಾರ್ಖಾನೆಯ ಸ್ಥಿತಿಗೆ ಮರಳಿರುತ್ತವೆ. ಮೋಡೆಮ್ ಬದಲಾದ ದಿನವೇ ರೂಟರ್ ಭಾಗದ ಐದೂ ಅಂಶ ಮತ್ತೆ ನೋಡಬೇಕು. ಸ್ವಂತ ರೂಟರ್ ಇಟ್ಟವರಿಗೆ ಮೋಡೆಮ್ ಬದಲಾದರೂ ಸೆಟ್ಟಿಂಗ್ ಉಳಿಯುತ್ತದೆ, ಅದೂ ಸುಟ್ಟಿಲ್ಲದಿದ್ದರೆ. ತಾಮ್ರದ ಲ್ಯಾನ್ ಕೇಬಲ್ ಮೂಲಕ ಹೊಡೆತ ಅದಕ್ಕೂ ದಾಟಬಲ್ಲದು. ಹಾಗಾಗಿ ರೂಟರ್ ಪುಟದ ‘ಬ್ಯಾಕಪ್’ ಕಡತವನ್ನು ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಳ್ಳಿ.

ಪ್ರಿಂಟರ್ ರಿಪೇರಿಗೆ ಹೋಗಿ ಬಂದಾಗಲೂ ಹೀಗೇ: ರಿಸೆಟ್ ಆಗಿದ್ದರೆ ವೈಫೈ ಡೈರೆಕ್ಟ್ ಮತ್ತೆ ಬೆಳಗುತ್ತಿರುತ್ತದೆ.

ಮಾರುವಾಗ

ಎಕ್ಸ್‌ಚೇಂಜ್‌ಗೆ ಕೊಡುವ ಪ್ರಿಂಟರ್‌ನಲ್ಲಿ ನಿಮ್ಮ ವೈಫೈ ಪಾಸ್‌ವರ್ಡ್, ಸ್ಕ್ಯಾನ್ ಕಳುಹಿಸಲು ಹಾಕಿದ್ದ ಇಮೇಲ್ ಖಾತೆಯ ಪಾಸ್‌ವರ್ಡ್, ವಿಳಾಸ ಪಟ್ಟಿ ಉಳಿದಿರುತ್ತವೆ. ‘ರಿಸ್ಟೋರ್ ನೆಟ್‌ವರ್ಕ್’ ಮಾಡಿದರೆ ವೈಫೈ ಮಾತ್ರ ಹೋಗುತ್ತದೆ. ‘ರಿಸ್ಟೋರ್ ಫ್ಯಾಕ್ಟರಿ ಡಿಫಾಲ್ಟ್ಸ್’ ಅನ್ನೇ ಆರಿಸಿ. ಜೊತೆಗೆ ಕಂಪನಿಯ ಆ್ಯಪ್‌ನಲ್ಲಿ ನಿಮ್ಮ ಖಾತೆಯಿಂದ ಪ್ರಿಂಟರ್ ಹೆಸರು ತೆಗೆದುಹಾಕಿ. ಕೊನೆಗೆ ಮತ್ತೊಮ್ಮೆ ನೆಟ್‌ವರ್ಕ್ ಹಾಳೆ ಪ್ರಿಂಟ್ ಮಾಡಿ. ವೈಫೈ ಹೆಸರಿನ ಮುಂದೆ ಏನೂ ಇಲ್ಲವೆಂದು ಖಚಿತಪಡಿಸಿಕೊಂಡು, ಗಾಜಿನ ಮುಚ್ಚಳ ಎತ್ತಿ ನೋಡಿ ಕೊಡಿ.